ನಮ್ಮೂರಿನ ಚೌಕ: 48 ಎಲ್/13

ಮಂಗಳೂರಿಗೆ ಪಿನ್‌ಕೋಡ್ ಬರುವುದಕ್ಕೆ ಬಹಳ ಮೊದಲೇ ಇನ್ನೊಂದು ನಂಬ್ರ ಇತ್ತು. ಸರ್ವೆ ಆಫ್ ಇಂಡಿಯಾದ ಭೂಪಟಗಳಲ್ಲಿ ನಮ್ಮ ಊರು ಇರುವುದು 48 ಎಲ್/13 ಎಂಬ ಹಾಳೆಯಲ್ಲಿ. ಈ ನಂಬ್ರದ ಕತೆ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಇತ್ತು. ಸುವರ್ಣ ಮಹೋತ್ಸವದ ಸಂಚಿಕೆ ಅದಕ್ಕೆ ಸಂದರ್ಭ ಒದಗಿಸಿದೆ.

1799ರಲ್ಲಿ ಟಿಪ್ಪು ಸುಲ್ತಾನನ ಮರಣದ ನಂತರ ನಮ್ಮ ಜಿಲ್ಲೆ ಕಂಪೆನಿ ಸರಕಾರದ ಕೈಸೇರಿತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸಂತ ಥೋಮಸ್ ಗುಡ್ಡದ ಬಳಿ ಸರಪಳಿ ಹಿಡಿದು ಅಳತೆ ಆರಂಭಿಸಿದ. ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ ಬೆಂಗಳೂರಿನ ಮಾರ್ಗವಾಗಿ ಆ ಅಳತೆ ಬಂದು ಮುಟ್ಟಿದ್ದು ಮಂಗಳೂರಿನ ಕಡಲನ್ನು. ಅಲ್ಲಿಯವರೆಗಿನ ಭೂಪಟಗಳು ಮದ್ರಾಸಿಗೂ ಮಂಗಳೂರಿಗೂ ಸುಮಾರು 400 ಮೈಲಿ ಅಂತರ ತೋರಿಸುತ್ತಿದ್ದವು. ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 360. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು!

ದೇಶವನ್ನೆಲ್ಲ ಅಳೆದ ಮೇಲೆ ಅದನ್ನು ಒಂದೇ ಕಾಗದದಲ್ಲಿ ಬರೆಯುವುದು ಸಾಧ್ಯವಿಲ್ಲ. ಹಾಗಾಗಿ ಕತ್ತರಿಸಬೇಕಾಯಿತು. ಕತ್ತರಿಸಿದ ಕ್ರಮ ಸರಳವಾಗಿದೆ. ಅಕ್ಷಾಂಶ, ರೇಖಾಂಶಗಳಲ್ಲಿ ನಾಲ್ಕು ನಾಲ್ಕು ಡಿಗ್ರಿಯ ದೊಡ್ಡ ಚೌಕಗಳಿಗೆ ಒಂದೊಂದು ಸಂಖ್ಯೆ. ಉತ್ತರ 12ರಿಂದ 16, ಪೂರ್ವ 72ರಿಂದ 76 ಡಿಗ್ರಿಯದು 48. ಅದನ್ನು ಒಂದೊಂದು ಡಿಗ್ರಿಯಂತೆ ಹದಿನಾರು ಮಾಡಿ ಎ ಯಿಂದ ಪಿ ವರೆಗೆ ಅಕ್ಷರಗಳು, ನಮ್ಮದು ಎಲ್. ಅದನ್ನು ಮತ್ತೆ ಹದಿನಾರು ಮಾಡಿದರೆ ಹದಿನೈದು ನಿಮಿಷದ ಹಾಳೆಗಳು, ಒಂದೊಂದು ಬದಿ ಸುಮಾರು 27 ಕಿಲೋಮೀಟರ್. ಎಲ್ ಚೌಕದ ಬಹುಪಾಲು ಅರಬ್ಬೀ ಸಮುದ್ರ. ಹದಿನಾರರಲ್ಲಿ ನೆಲ ಕಾಣುವುದು ಮುಖ್ಯವಾಗಿ ಎರಡರಲ್ಲಿ. ಹದಿಮೂರನೆಯದು ಮೇಲೆ ಸುರತ್ಕಲ್ ಆಸುಪಾಸಿನಿಂದ ಕೆಳಗೆ ತಲಪಾಡಿಯ ಹತ್ತಿರದವರೆಗೆ. ಬಲಗಡೆ ಫರಂಗಿಪೇಟೆ ದಾಟಿ ಬಿ.ಸಿ.ರೋಡ್ ತಲುಪುವ ಮೊದಲೇ 75ನೇ ಡಿಗ್ರಿ ಬಂದು ಹಾಳೆ ಮುಗಿಯುತ್ತದೆ. ಬಂಟ್ವಾಳ ಇರುವುದು 48 ಪಿ/1ರಲ್ಲಿ.

ಕರಾವಳಿಯ ಹಾಳೆಗಳು ಬಹಳ ಕಾಲ ನಿರ್ಬಂಧಿತ ಪಟ್ಟಿಯಲ್ಲಿದ್ದವು. ಭೂಗೋಳದ ತರಗತಿಯಲ್ಲಿ ನಾವು ಸಮೋನ್ನತಿ ರೇಖೆ ಕಲಿತದ್ದು ಘಟ್ಟದ ಮೇಲಿನ ಯಾವುದೋ ಊರಿನ ಹಾಳೆಯಿಂದ. ಕಿಟಕಿಯಿಂದ ಕಾಣುವ ಗುಡ್ಡದ ಎತ್ತರ ನಮಗೆ ಗೊತ್ತಿರಲಿಲ್ಲ. 2005ರ ರಾಷ್ಟ್ರೀಯ ಭೂಪಟ ನೀತಿ ಜನಸಾಮಾನ್ಯರಿಗೆ ಬೇರೆ ಸರಣಿಯ ಹಾಳೆಗಳನ್ನು ತಂದಿತು; 2021ರ ಮಾರ್ಗಸೂಚಿಯ ನಂತರ ಬಾಗಿಲು ಇನ್ನಷ್ಟು ತೆರೆಯಿತು.

ವಿಶೇಷವೆಂದರೆ, 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತಾ ರೇಡಾರಿನಿಂದ ನೆಲದ ಎತ್ತರ ಅಳೆದಾಗಲೂ ಮಾಹಿತಿಯನ್ನು ಕತ್ತರಿಸಿದ್ದು ಒಂದೊಂದು ಡಿಗ್ರಿಯ ಚೌಕಗಳಾಗಿಯೇ. ಮಂಗಳೂರಿನ ಕಡತದ ಹೆಸರು ಎನ್12ಇ074. ನಮ್ಮ ಹಳೆಯ 48 ಎಲ್ ಇರುವ ಜಾಗವೇ! ಸುಮಾರು ಮೂವತ್ತು ಮೀಟರಿಗೊಂದು ಬಿಂದುವಿನಂತೆ ಸಾಲಿಗೆ 3601, ಅಂಥ 3601 ಸಾಲು. ಒಟ್ಟು ಸುಮಾರು 1 ಕೋಟಿ 30 ಲಕ್ಷ ಬಿಂದುಗಳು. ಇಡೀ ದೇಶವನ್ನು ಒಮ್ಮೆಗೇ ಕೊಟ್ಟರೆ ಸಾಮಾನ್ಯ ಕಂಪ್ಯೂಟರು ತಿಣುಕುತ್ತದೆ. ಚೌಕ ಮಾಡಿ ಹಂಚಿದರೆ ಹತ್ತು ಯಂತ್ರಗಳು ಹತ್ತು ಕಡೆ ಕುಳಿತು ಮುಗಿಸುತ್ತವೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಂಚಿದ ಹಾಗೆ. ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಒಬ್ಬ ಹುಡುಗನ ಅಡಿಷನಲ್ ಶೀಟ್ ಬೇರೆ ಕಟ್ಟಿಗೆ ಸೇರಿದರೆ?

ನಮ್ಮಲ್ಲಿ ಆ ಅಡಿಷನಲ್ ಶೀಟ್ ನೇತ್ರಾವತಿ. ಎನ್12ಇ074 ಒಂದನ್ನೇ ಕೊಟ್ಟು ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ನದಿ 75ನೇ ರೇಖಾಂಶದಲ್ಲಿ, ಬಿ.ಸಿ.ರೋಡ್‌ನ ಈಚೆಗೆ ಹುಟ್ಟುತ್ತದೆ ಎಂಬಂತೆ ಯಂತ್ರ ಲೆಕ್ಕ ಹಾಕುತ್ತದೆ. ಕುಮಾರಧಾರೆ ಇಲ್ಲ, ಉಪ್ಪಿನಂಗಡಿ ಸಂಗಮ ಇಲ್ಲ, ಘಟ್ಟದ ಮಳೆಯೇ ಇಲ್ಲ. 1923ರ ಮತ್ತು 1974ರ ನೆರೆಯನ್ನು ಕಂಡ, ಕೇಳಿದ ಊರಿನಲ್ಲಿ ಇದು ನಗುವ ವಿಷಯವಲ್ಲ. ಆ ನೀರು ಬಂದದ್ದು ಪಕ್ಕದ ಚೌಕಗಳಿಂದ. ನೆರೆಯ ಲೆಕ್ಕಕ್ಕೆ ಪೂರ್ವದ ಎನ್12ಇ075, ಕುದುರೆಮುಖದ ಕಡೆಯ ಎನ್13ಇ075 ಇವೆರಡನ್ನೂ ಜೋಡಿಸಲೇಬೇಕು. ಜೋಡಿಸಲು ಅನುಕೂಲವಾಗಲೆಂದೇ ಅಂಚಿನ ಸಾಲು ಎರಡೂ ಚೌಕಗಳಲ್ಲಿ ಇರುತ್ತದೆ. 3600ರ ಬದಲು 3601 ಆದದ್ದು ಅದಕ್ಕೇ. ಕೆಲವು ಲೆಕ್ಕಗಳಿಗೆ ಒಂದು ಸಾಲು ಸಾಲದು. ಇಳಿಜಾರು ಕಂಡುಹಿಡಿಯಲು ಪ್ರತಿ ಬಿಂದುವಿನ ಸುತ್ತಲಿನ ಎಂಟು ಬಿಂದುಗಳು ಬೇಕು. ಆದ್ದರಿಂದ ಅಂಚನ್ನು ಇನ್ನೂ ಅಗಲ ಮಾಡಿ ಕತ್ತರಿಸಿ, ಲೆಕ್ಕ ಮುಗಿದ ಮೇಲೆ ಹೆಚ್ಚಿನದನ್ನು ಬಿಡುತ್ತಾರೆ. ಹಳೆಯ ಕಾಗದದ ಹಾಳೆಯ ಅಂಚಿನಲ್ಲೂ ಸುತ್ತಲಿನ ಹಾಳೆಗಳ ನಂಬ್ರ ತೋರಿಸುವ ಸಣ್ಣ ಚಿತ್ರ ಇರುತ್ತಿತ್ತು.

ನಮ್ಮ ಶಾಲೆಯ ಭೂಗೋಳದ ಕೊಠಡಿಗೆ ಮಂಗಳೂರಿನ ಹಾಳೆಯೊಂದನ್ನು ತರಿಸುವುದಾದರೆ, ಅದರ ಬಲಕ್ಕೆ ಬಂಟ್ವಾಳದ ಹಾಳೆಯನ್ನೂ ಅಂಟಿಸಿ ತೂಗುಹಾಕಬೇಕೆಂದು ಹಳೆ ವಿದ್ಯಾರ್ಥಿಯಾಗಿ ನನ್ನ ಕೋರಿಕೆ. ಮಕ್ಕಳು ನದಿಯ ಮೇಲೆ ಬೆರಳಿಟ್ಟು ಗೆರೆ ದಾಟಲಿ.