ಸ್ಪರ್ಶ-ಶ್ರವಣ ಕಲಿಕಾ ಸಾಧನಗಳು: ಚಳ್ಳಕೆರೆ, ಮೊಳಕಾಲ್ಮೂರು

ದೃಷ್ಟಿದೋಷವಿರುವ ಮಕ್ಕಳಿಗೆ ಬೆರಳು ಮತ್ತು ಕಿವಿಯ ಮೂಲಕ ಪಾಠ ತಲುಪಿಸುವ ಉಪಕರಣಗಳು. ಚಿತ್ರದುರ್ಗ ಜಿಲ್ಲೆಯ ಈ ಎರಡು ಬಯಲುಸೀಮೆ ತಾಲ್ಲೂಕುಗಳಲ್ಲಿ ಇವುಗಳ ಬೆಲೆ ಕಟ್ಟುವಾಗ ರಿಪೇರಿಗೆ ಹೋಗಬೇಕಾದ ದೂರ, ಕಲಿಸುವವರ ಕೊರತೆ, ಕನ್ನಡ ಪಠ್ಯದ ಅಭಾವ ಎಲ್ಲವನ್ನೂ ಸೇರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಈಗಲೂ ಬ್ರೈಲ್ ಸ್ಲೇಟು ಮತ್ತು ಚುಚ್ಚುವ ಮೊಳೆ. ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕಾದ್ದರಿಂದ ಎಳೆಯ ಮಕ್ಕಳು ತಡವರಿಸುತ್ತಾರೆ. ಆದರೆ ಇಲ್ಲಿನವರಿಗೊಂದು ಅನುಕೂಲವಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್, ಭಾರತೀಯ ಭಾಷೆಗಳಲ್ಲಿ ಒಂದೇ ಧ್ವನಿಗೆ ಬಹುಮಟ್ಟಿಗೆ ಒಂದೇ ಚುಕ್ಕಿಗಳನ್ನು ಗೊತ್ತುಪಡಿಸಿತು. ಕನ್ನಡದ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ 1 ಮತ್ತು 3ನೆಯ ಚುಕ್ಕಿಗಳೇ. ಆಂಧ್ರದ ರಾಯದುರ್ಗಕ್ಕೆ ಅಂಟಿಕೊಂಡಿರುವ ಮೊಳಕಾಲ್ಮೂರಿನಲ್ಲಿ ಮನೆಮಾತು ತೆಲುಗಾಗಿದ್ದು ಕನ್ನಡ ಶಾಲೆಗೆ ಹೋಗುವ ಮಗುವಿನ ಕಣ್ಣಿಗೆ ಎರಡು ಲಿಪಿ. ಬೆರಳಿಗೆ ಹೆಚ್ಚುಕಡಿಮೆ ಒಂದೇ.

ವಿದ್ಯುನ್ಮಾನ ಬ್ರೈಲ್ ಪರದೆ ದುಬಾರಿಯಾಗಲು ಕಾರಣ ಅದರ ಕೋಶಗಳು, ಅಂದರೆ ಒಂದೊಂದು ಅಕ್ಷರದ ಚುಕ್ಕಿಗುಂಪುಗಳು. ರೂಢಿಯ ಮಾದರಿಯಲ್ಲಿ ಒಂದೊಂದು ಚುಕ್ಕಿಯನ್ನೂ ವಿದ್ಯುತ್ತಿಗೆ ಬಾಗುವ ಒಂದೊಂದು ಪೀಜೋ ಪಟ್ಟಿ ಎತ್ತಿಳಿಸುತ್ತದೆ; ಎಂಟು ಚುಕ್ಕಿಯ 20 ಕೋಶಗಳಿಗೆ 160 ಪಟ್ಟಿ ಬೇಕು. ಇದಕ್ಕೆ ಅಗ್ಗದ ಪರ್ಯಾಯ ಹುಡುಕಿದವರಲ್ಲಿ ಬೆಂಗಳೂರಿನ ವಿಷನ್ ಎಂಪವರ್ ಮುಖ್ಯ. ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಆಸರೆಯಲ್ಲಿ ಬೆಳೆದ, ಸ್ವತಃ ದೃಷ್ಟಿಹೀನರಾದ ವಿದ್ಯಾ ವೈ. ಸಹಸ್ಥಾಪಕರಾಗಿರುವ ಈ ಸಂಸ್ಥೆ ‘ಹೆಕ್ಸಿಸ್’ ಎಂಬ ಬ್ರೈಲ್ ಓದುಗ ಸಾಧನವನ್ನು ರೂಪಿಸಿದೆ. ಬೆಂಗಳೂರಿನದೇ ಥಿಂಕರ್‌ಬೆಲ್ ಲ್ಯಾಬ್ಸ್‌ನ ‘ಆ್ಯನಿ’ ಮಾತಾಡುತ್ತಾ ಬ್ರೈಲ್ ಕಲಿಸುತ್ತದೆ. ಬ್ರೈಲ್ ಬಲ್ಲ ಶಿಕ್ಷಕರು ವಿರಳವಾಗಿರುವೆಡೆ ಓದುವ ಯಂತ್ರಕ್ಕಿಂತ ಕಲಿಸುವ ಯಂತ್ರದ ಅಗತ್ಯವೇ ಮೊದಲನೆಯದು.

ಉಬ್ಬುಚಿತ್ರಗಳಿಗೆ ಯಂತ್ರವೇ ಬೇಕೆಂದಿಲ್ಲ. ಚಳ್ಳಕೆರೆಯ ಕಂಬಳಿ ನೂಲು, ಮೊಳಕಾಲ್ಮೂರು ಸೀರೆಯ ರೇಷ್ಮೆ ಎಳೆ, ಶೇಂಗಾ ಸಿಪ್ಪೆ, ಹುಣಸೆಬೀಜ ಇವು ಬೆರಳಿಗೆ ಸ್ಪಷ್ಟವಾಗಿ ಬೇರೆಬೇರೆ. ರಟ್ಟಿನ ಮೇಲೆ ಅಂಟಿಸಿದರೆ ನಕ್ಷೆಯ ನದಿ, ಗಡಿ, ಊರುಗಳಾಗುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಪಾಠಕ್ಕೆ ಕೊರೆದ ಅಕ್ಷರಗಳ ಒಂದು ಮಾದರಿ ಸಿಕ್ಕರೆ ಪುಟಗಟ್ಟಲೆ ವಿವರಿಸುವ ಶ್ರಮ ಉಳಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇಂಥ ಮಾದರಿಗಳಿಗೆ ಅದಕ್ಕಿಂತ ಹತ್ತಿರದ ಕಮ್ಮಟ ಬೇರೆ ಇರಲಾರದು.

ಕೇಳುವ ಕಲಿಕೆಗೆ ಉಚಿತ ತಂತ್ರಾಂಶವಿದೆ. ಎನ್‌ವಿಡಿಎ ಎಂಬ ಪರದೆ ಓದುಗ, ಇಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡವನ್ನು ಓದುತ್ತದೆ. ಧ್ವನಿ ಯಾಂತ್ರಿಕ, ಕೇಳಿ ಪಳಗಬೇಕು. ನಿಜವಾದ ತೊಡಕು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು. ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಕೀಲಿಗಳ ಸಂಕೇತಗಳಾದ್ದರಿಂದ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಅಂಥ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಬಹುದು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಮೊದಲು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸಿ, ಒತ್ತಕ್ಷರಗಳ ತಪ್ಪುಗಳನ್ನು ಕೈಯಾರೆ ತಿದ್ದಬೇಕು.