ತಾಮ್ರ ಮುಗಿಯುವಲ್ಲಿ ಗಾಜು: ಮೀಡಿಯಾ ಕನ್ವರ್ಟರ್ ನಡೆದು ಬಂದ ದಾರಿ

ಕಾರ್ಖಾನೆಯ ಗೇಟಿಗೂ ಆಫೀಸಿಗೂ ನಡುವೆ 300 ಮೀಟರ್ ಇದೆ, ಗೇಟಿನಲ್ಲಿ ಕ್ಯಾಮೆರಾ ಬೇಕು ಎಂದುಕೊಳ್ಳಿ. ಲ್ಯಾನ್ ಕೇಬಲ್ 100 ಮೀಟರ್ ದಾಟಿದ ಮೇಲೆ ಭರವಸೆಯಿಲ್ಲ. ಕೇಬಲ್ ಎಳೆಯಲು ಬಂದವರು ಹೇಳುವ ಮಾತು ಒಂದೇ: "ಫೈಬರ್ ಹಾಕಿ ಎರಡೂ ಕಡೆ ಎಂಸಿ ಇಟ್ಬಿಡೋಣ ಸಾರ್." ಎಂಸಿ ಎಂದರೆ ಮೀಡಿಯಾ ಕನ್ವರ್ಟರ್. ಅಂಗೈಯಗಲದ ಡಬ್ಬಿ. ಒಂದು ಕಿಂಡಿ ಲ್ಯಾನ್ ಕೇಬಲಿಗೆ, ಇನ್ನೊಂದು ಫೈಬರಿಗೆ. ವಿದ್ಯುತ್ ಸಂಕೇತವನ್ನು ಬೆಳಕಾಗಿಸುವುದು, ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವುದು, ಇಷ್ಟೇ ಕೆಲಸ. ಆದರೂ ಅಂಗಡಿಯಲ್ಲಿ ಕೇಳಿದರೆ ಹತ್ತಾರು ಬಗೆ ತೋರಿಸುತ್ತಾರೆ. ಈ ಬಗೆಗಳೆಲ್ಲ ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಹಾಗೇ ಉಳಿದುಕೊಂಡವು. ಯಾವುದು ಏಕೆ ಬಂತೆಂದು ಗೊತ್ತಿದ್ದರೆ ಆರಿಸುವುದು ಸುಲಭ.

1973ರಲ್ಲಿ ಅಮೆರಿಕದ ಕ್ಸೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್, ಡೇವಿಡ್ ಬಾಗ್ಸ್ ಮತ್ತು ಜೊತೆಗಾರರು ಈಥರ್‌ನೆಟ್ ಕೆಲಸ ಶುರುಮಾಡಿದಾಗ ಬಳಸಿದ್ದು ಕೋಆಕ್ಸಿಯಲ್ ಕೇಬಲ್. ಮುಂದೆ ದಪ್ಪ ಕೇಬಲಿನ ಈಥರ್‌ನೆಟ್‌ನಲ್ಲಿ ಕಂಪ್ಯೂಟರಿಗೂ ಕೇಬಲಿಗೂ ನಡುವೆ ಟ್ರಾನ್ಸೀವರ್ ಎಂಬ ಬೇರೆ ಡಬ್ಬಿ ಇರುತ್ತಿತ್ತು, 15 ಪಿನ್ನಿನ ಕನೆಕ್ಟರಿನಿಂದ ಜೋಡಿಸಿಕೊಳ್ಳಬೇಕಿತ್ತು. ಮಾಧ್ಯಮ ಬದಲಾದರೆ ಆ ಡಬ್ಬಿಯೊಂದನ್ನು ಬದಲಿಸಿದರೆ ಸಾಕು. 1990ರಲ್ಲಿ ತಿರುಚಿದ ತಂತಿಯ 10 ಮೆಗಾಬಿಟ್ ಈಥರ್‌ನೆಟ್ ಬಂತು. ಬರಬರುತ್ತ ಟ್ರಾನ್ಸೀವರ್ ಯಂತ್ರದೊಳಗೇ ಸೇರಿತು, ಹೊರಗೆ ಕಾಣುವುದು ಆರ್‌ಜೆ45 ಕಿಂಡಿ ಮಾತ್ರವಾಯಿತು. ಬೆಲೆ ಇಳಿಯಿತು, ಜೋಡಣೆ ಸಲೀಸಾಯಿತು. ಜೊತೆಗೆ ಮಾಧ್ಯಮ ಬದಲಿಸುವ ಅನುಕೂಲವೂ ಹೋಯಿತು. ಆ ಹೋದ ಅನುಕೂಲವನ್ನು ಹೊರಗಿನಿಂದ ಮರಳಿ ಕೊಟ್ಟದ್ದೇ ಮೀಡಿಯಾ ಕನ್ವರ್ಟರ್.

ಫೈಬರ್ ಕಡೆಯ ಕಥೆ ಇನ್ನೂ ಹಿಂದಿನದು. ಗಾಜನ್ನು ಶುದ್ಧಗೊಳಿಸಿದರೆ ಬೆಳಕು ಕಿಲೋಮೀಟರುಗಟ್ಟಲೆ ಹೋದೀತು ಎಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ 1966ರಲ್ಲಿ ವಾದಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿ ಅಂಥ ಎಳೆ ಮಾಡಿ ತೋರಿಸಿತು. ಈಥರ್‌ನೆಟ್ ನಿಯಮಗಳಿಗೆ ಫೈಬರ್ ಬಂದದ್ದು 1987ರಲ್ಲಿ, ಅದೂ ಸಂಕೇತವನ್ನು ಬಲಪಡಿಸಿ ಮುಂದೆ ಕಳಿಸುವ ಎರಡು ರಿಪೀಟರ್‌ಗಳ ನಡುವೆ 1 ಕಿ.ಮೀ. ಮಟ್ಟಿಗೆ. 1993ರ ನಿಯಮ ಅದನ್ನು 2 ಕಿ.ಮೀ.ಗೆ ಏರಿಸಿತು. ಆಗ ಬಳಸಿದ ಬೆಳಕು 850 ನ್ಯಾನೊಮೀಟರಿನದು. 1995ರ 100 ಮೆಗಾಬಿಟ್ ಫೈಬರ್ 1300 ನ್ಯಾನೊಮೀಟರಿಗೆ ಹಾರಿತು. ತಾಮ್ರದ ಕಡೆ ಹಳತೂ ಹೊಸತೂ ತಾವಾಗಿಯೇ ವೇಗ ಹೊಂದಿಸಿಕೊಳ್ಳುವ ವ್ಯವಸ್ಥೆ ಬಂತು, ಫೈಬರ್ ಕಡೆ ಬರಲಿಲ್ಲ. ಡಬ್ಬಿಯ ಮೇಲೆ '10/100' ಎಂದು ಬರೆದಿದ್ದರೆ ಅದು ತಾಮ್ರದ ಕಿಂಡಿಗೆ ಮಾತ್ರ ಎಂಬುದನ್ನು ಇಂದಿಗೂ ಎಷ್ಟೋ ಜನ ಗಮನಿಸುವುದಿಲ್ಲ. ಒಂದು ತುದಿಯಲ್ಲಿ 100 ಮೆಗಾಬಿಟ್ಟಿನದು, ಇನ್ನೊಂದರಲ್ಲಿ ಗಿಗಾಬಿಟ್ಟಿನದು ಇಟ್ಟರೆ ಫೈಬರ್ ದೀಪ ಹತ್ತುವುದೇ ಇಲ್ಲ.

ಇನ್ನೊಂದು ತೊಡಕು ಹಾಫ್ ಡ್ಯೂಪ್ಲೆಕ್ಸ್ ಕಾಲದ್ದು. ಒಬ್ಬರು ಕಳಿಸುವಾಗ ಇನ್ನೊಬ್ಬರು ಸುಮ್ಮನಿರಬೇಕು. ಡಿಕ್ಕಿಯಾದರೆ 64 ಬೈಟಿನ ಅತಿ ಚಿಕ್ಕ ಫ್ರೇಮ್ ಕಳಿಸಿ ಮುಗಿಸುವುದರೊಳಗೆ ಗೊತ್ತಾಗಬೇಕು. ಹಾಗಾಗಿ ಬೆಳಕು ಎಷ್ಟೇ ದೂರ ಹೋಗಬಲ್ಲದಾದರೂ 100 ಮೆಗಾಬಿಟ್ ಹಾಫ್ ಡ್ಯೂಪ್ಲೆಕ್ಸ್ ಫೈಬರಿಗೆ 412 ಮೀಟರಿನ ಮಿತಿ. ನಡುವೆ ಕನ್ವರ್ಟರ್ ಬಂದರೆ ಅದರ ವಿಳಂಬವೂ ಇದರಲ್ಲೇ ಕಳೆಯುತ್ತದೆ. 1990ರಲ್ಲಿ ಕಲ್ಪನಾ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ಈಥರ್‌ನೆಟ್ ಸ್ವಿಚ್ ತಂದಿತು. ಆಮೇಲೆ ಇಬ್ಬರೂ ಒಟ್ಟಿಗೆ ಕಳಿಸಬಲ್ಲ ಫುಲ್ ಡ್ಯೂಪ್ಲೆಕ್ಸ್ ಬಂತು, ಡಿಕ್ಕಿಯ ಪ್ರಶ್ನೆಯೇ ಹೋಯಿತು. ಕನ್ವರ್ಟರ್ ಒಳಗೂ ಪುಟ್ಟ ಸ್ವಿಚ್ ಸೇರಿತು. ಈಗ ಪೇಟೆಯಲ್ಲಿ ಎರಡೂ ಇವೆ: ಬಂದದ್ದನ್ನು ಹಾಗೇ ದಾಟಿಸುವ ಶುದ್ಧ ಕನ್ವರ್ಟರ್, ಫ್ರೇಮನ್ನು ಪೂರ್ತಿ ತೆಗೆದುಕೊಂಡು ಮುಂದೆ ಕಳಿಸುವ ಸ್ವಿಚ್ಚಿಂಗ್ ಕನ್ವರ್ಟರ್. ಸಾಮಾನ್ಯ ಕೆಲಸಕ್ಕೆ ಎರಡನೆಯದೇ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಒಂದು ಕಡೆ ಫುಲ್ ಡ್ಯೂಪ್ಲೆಕ್ಸ್ ಎಂದು ಗಟ್ಟಿಮಾಡಿ ಇನ್ನೊಂದನ್ನು ತಾನಾಗಿ ಹೊಂದಿಸಿಕೊಳ್ಳುವ ಆಟೊದಲ್ಲಿ ಬಿಟ್ಟರೆ, ಆಟೊದಲ್ಲಿರುವುದು ಹಾಫ್‌ಗೆ ಇಳಿಯುತ್ತದೆ. ಪಿಂಗ್ ಮಾಡಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಿದಾಗ ಚಿತ್ರ ನಿಲ್ಲುತ್ತದೆ. ಕೇಬಲನ್ನು ಬಯ್ಯುತ್ತ ದಿನವಿಡೀ ಹುಡುಕಿಸುವ ದೋಷವಿದು.

ಗಿಗಾಬಿಟ್ ಫೈಬರ್ 1998ರಲ್ಲಿ, ಗಿಗಾಬಿಟ್ ತಾಮ್ರ 1999ರಲ್ಲಿ ನಿಯಮವಾದವು. ನಮ್ಮಲ್ಲಿ ಹೆಚ್ಚು ಕಾಣುವುದು ಅದರ ಮುಂದಿನ ಹೆಜ್ಜೆ, ಒಂದೇ ಎಳೆಯ ಫೈಬರ್. ಹೋಗಲೊಂದು, ಬರಲೊಂದು ಬಣ್ಣದ ಬೆಳಕು ಇದ್ದರೆ ಎರಡನೆಯ ಎಳೆ ಬೇಡ. 2004ರ ನಿಯಮದಲ್ಲಿ ಆ ಜೋಡಿ 1310 ಮತ್ತು 1490 ನ್ಯಾನೊಮೀಟರ್, ಅಗ್ಗದ ಡಬ್ಬಿಗಳಲ್ಲಿ ಬಹುತೇಕ 1310 ಮತ್ತು 1550. ಒಂದು ಡಬ್ಬಿ 1310ರಲ್ಲಿ ಕಳಿಸಿದರೆ ಜೊತೆಯದು 1310ರಲ್ಲಿ ಕೇಳಬೇಕು. ಎರಡೂ ಒಂದೇ ಬಣ್ಣದಲ್ಲಿ ಕಳಿಸುವ 'ಎ' ಬಗೆಯವನ್ನೇ ಕಟ್ಟಿಕೊಂಡು ಹೋದರೆ ಸಂಪರ್ಕ ಆಗುವುದಿಲ್ಲ. ಬಿಡಿಯಾಗಿ ಕೊಳ್ಳದೆ ಜೋಡಿಯಾಗಿ ಕೊಳ್ಳಿ ಎನ್ನುವುದು ಇದಕ್ಕೇ.

ಹೆಚ್ಚು ದಾರಿ ತಪ್ಪಿಸುವುದು '20 ಕಿ.ಮೀ.' ಎಂಬ ಚೀಟಿ. ನೋಡಬೇಕಾದ್ದು ಡೆಸಿಬಲ್ ಲೆಕ್ಕ. ಕಳಿಸುವ ಬೆಳಕು ಕನಿಷ್ಠ ಮೈನಸ್ 9 ಡಿಬಿಎಂ, ಆ ತುದಿ ಮೈನಸ್ 20ರವರೆಗೆ ಓದಬಲ್ಲದು ಎಂದಿಟ್ಟುಕೊಳ್ಳಿ. ಕೈಯಲ್ಲಿರುವುದು 11 ಡಿಬಿ. ಸಿಂಗಲ್ ಮೋಡ್ ಫೈಬರಿನಲ್ಲಿ 1310ರ ಬೆಳಕು ಕಿ.ಮೀ.ಗೆ ಸುಮಾರು 0.35 ಡಿಬಿ ಸೋರುತ್ತದೆ, 10 ಕಿ.ಮೀ.ಗೆ 3.5. ಎರಡು ಕನೆಕ್ಟರಿಗೆ 1, ಎಳೆಗಳನ್ನು ಬೆಸೆದ ಐದು ಸ್ಪ್ಲೈಸಿಗೆ ಅರ್ಧ. ಒಟ್ಟು 5 ಆಯಿತು. ಉಳಿದ 6ರಲ್ಲಿ 3 ಡಿಬಿ ಮುಂದಕ್ಕೆ ಎತ್ತಿಡಬೇಕು, ಏಕೆಂದರೆ ರಸ್ತೆ ಅಗಲ ಮಾಡುವ ಜೆಸಿಬಿ ಒಮ್ಮೆ ಕೇಬಲ್ ಕಿತ್ತು ನಡುವೆ ಹೊಸ ತುಂಡು ಸೇರಿಸಬೇಕಾಗಿ ಬಂದರೆ ಎರಡು ಸ್ಪ್ಲೈಸ್ ಹೆಚ್ಚುತ್ತವೆ. ದೂರಕ್ಕೆಂದು ಮಾಡಿದ 80 ಕಿ.ಮೀ. ಡಬ್ಬಿಯನ್ನು ಅರ್ಧ ಕಿ.ಮೀ.ಗೆ ಹಾಕುವುದೂ ತಪ್ಪು: ಬೆಳಕು ಹೆಚ್ಚಾಗಿ ಆ ತುದಿಯ ರಿಸೀವರ್ ಕುರುಡಾಗುತ್ತದೆ, ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಬೇಕಾಗುತ್ತದೆ. ಪ್ಯಾಚ್ ಕಾರ್ಡಿನ ತುದಿ ನೀಲಿಯೋ ಹಸಿರೋ ಎಂದೂ ನೋಡಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿ ಕಿಂಡಿಗೆ ಚುಚ್ಚಿದರೆ ಎರಡರ ಮುಖ ಕೂಡುವುದಿಲ್ಲ.

ಕಟ್ಟಡದಿಂದ ಕಟ್ಟಡಕ್ಕೆ ಹೋಗುವಾಗ ದೂರ 60 ಮೀಟರೇ ಇದ್ದರೂ ನನ್ನ ಮತ ಫೈಬರಿಗೇ. ಮಲೆನಾಡಿನ ಏಪ್ರಿಲ್–ಮೇ ಸಿಡಿಲಿಗೆ ತಾಮ್ರದ ತಂತಿ ಎರಡೂ ಕಡೆಯ ಸ್ವಿಚ್ಚನ್ನು ಬಲಿ ಕೊಡುತ್ತದೆ, ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಆರ್ಮರ್ಡ್ ಕೇಬಲಿನಲ್ಲಿ ಉಕ್ಕಿನ ಪದರ ಇರುತ್ತದೆ. ಅದನ್ನು ಕಟ್ಟಡದ ಬಾಗಿಲಲ್ಲೇ ಅರ್ತ್ ಮಾಡಬೇಕು, ಡಬ್ಬಿಯವರೆಗೆ ತರಬಾರದು.

ಸ್ವಿಚ್ಚಿನಲ್ಲೇ ಫೈಬರ್ ಮಾಡ್ಯೂಲ್ ಕೂರಿಸುವ ಎಸ್‌ಎಫ್‌ಪಿ ಕಿಂಡಿ ಇದ್ದರೆ ಆ ತುದಿಗೆ ಕನ್ವರ್ಟರ್ ಬೇಡ, ಕಿರುಬೆರಳಿನುದ್ದದ ಮಾಡ್ಯೂಲ್ ಸಾಕು. ಯಂತ್ರದೊಳಗೆ ಸೇರಿಹೋಗಿದ್ದ ಟ್ರಾನ್ಸೀವರ್ ಹೀಗೆ ಮತ್ತೆ ಕಳಚಿ ಹಾಕುವಂತಾಗಿದೆ. ಕಂಬದ ಮೇಲಿನ ಕ್ಯಾಮೆರಾದ ಬುಡದಲ್ಲಿ ಮಾತ್ರ ಡಬ್ಬಿಯೇ ಬೇಕು, ಅಲ್ಲಿ ಅದು ಕ್ಯಾಮೆರಾಕ್ಕೆ ವಿದ್ಯುತ್ತನ್ನೂ ಕೊಡಬೇಕಾಗುತ್ತದೆ. ಲ್ಯಾನ್ ಕೇಬಲಿನಲ್ಲೇ ವಿದ್ಯುತ್ ಕೊಡುವ ಪಿಒಇಯ 2003ರ ನಿಯಮದಲ್ಲಿ ಒಂದು ಕಿಂಡಿಗೆ 15.4 ವ್ಯಾಟ್, 2009ರದ್ದರಲ್ಲಿ 30. ಡಬ್ಬಿಯ ಮೇಲೆ ಪಿಒಇ ಎಂದು ಬರೆದಿದ್ದರಷ್ಟೇ ಸಾಲದು, ಜೊತೆಗೆ ಬಂದ ಅಡಾಪ್ಟರನ್ನು ತಿರುಗಿಸಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ನೋಡಿ. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ಬಂದ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಆ ಅಡಾಪ್ಟರನ್ನೇ.