ಇಡ್ಲಿ ನಡೆದುಬಂದ ದಾರಿ

ಸುಮಾರು ಕ್ರಿ.ಶ. 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಮಾಡುವ ಬಗೆಯನ್ನು ತಿಳಿಸಿದ್ದು 1025ರ ಸುಮಾರಿನ ‘ಲೋಕೋಪಕಾರ’. ಕೃಷಿ, ವೈದ್ಯಗಳ ಸಾಲಿನಲ್ಲೇ ಅಡುಗೆಗೂ ಒಂದು ಅಧ್ಯಾಯ ಕೊಟ್ಟದ್ದು ಅದರ ಕರ್ತೃ ಇಮ್ಮಡಿ ಚಾವುಂಡರಾಯನ ದೊಡ್ಡತನ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರ ಪದಾರ್ಥಗಳನ್ನೂ ಬೆರೆಸುವುದು ಅಲ್ಲಿನ ಕ್ರಮ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಉದ್ದಿನ ಇಂಥದೇ ತಿನಿಸನ್ನು ವಿವರಿಸುತ್ತದೆ, ಅದಕ್ಕೆ ಕರಿಮೆಣಸು, ಜೀರಿಗೆ, ಇಂಗು ಸೇರುತ್ತಿದ್ದವು. ಈ ಎರಡರಲ್ಲೂ ಅಕ್ಕಿ ಇಲ್ಲ, ಹಿಟ್ಟು ರಾತ್ರಿಯಿಡೀ ಹುಳಿ ಬರುವ ಮಾತೂ ಇಲ್ಲ. ಅಕ್ಕಿತರಿ ಕೂಡಿ, ಉಬ್ಬಿ, ಹಬೆಯಲ್ಲಿ ಬೇಯುವ ಮೃದುವಾದ ಇಡ್ಲಿ ಆಮೇಲಿನದು. ರವೆ ಇಡ್ಲಿಯಂತೂ ತೀರ ಈಚಿನದು: ಎರಡನೆಯ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಅದನ್ನು ತಾನೇ ರೂಪಿಸಿದ್ದಾಗಿ ಬೆಂಗಳೂರಿನ ಎಂಟಿಆರ್ ಹೇಳಿಕೊಂಡಿದೆ.